ಮೂವತ್ತಾರು ಜನ ಬಿಟ್ಟು ಬಂದ ದ್ವೀಪ

ಗ್ಲಾಸ್ಗೋ
೪ ಮೇ ೨೦೨೫

ಅಕ್ಕಾ,

ಎರಡು ಕಡೆ ವಿಮಾನ ಬದಲಿಸಿ ನಿನ್ನೆ ಬಂದು ಮುಟ್ಟಿದೆ. ಪ್ರೀತಿ ಆಸ್ಪತ್ರೆಯಿಂದ ನೇರವಾಗಿ, ನರ್ಸಿನ ಬಟ್ಟೆಯಲ್ಲೇ ನನ್ನನ್ನು ಕರೆದೊಯ್ಯಲು ಬಂದಿದ್ದಳು. ಎರಡು ವರ್ಷದ ಮೇಲೆ ಮಗಳನ್ನು ನೋಡಿದೆ. ಸೊರಗಿದ್ದಾಳೆ. ಕೇಳಿದರೆ, “ಎಲ್ಲಾರೂ ಹಂಗ ಅಂತಾರವ್ವ” ಎಂದು ನಕ್ಕಳು.

ಕಲ್ಮೇಶನ ಫೋನಿಗೆ ಸುದ್ದಿ ಹೇಳಿದ್ದೇನೆ. ಆದರೂ ನಿನಗೆ ಬೇರೆಯಾಗಿ ಬರೆಯಬೇಕು ಅನಿಸಿತು. ನಿನ್ನ ಕಿವಿ ಹೋದಾಗಿನಿಂದ ಜಮಖಂಡಿಯಿಂದ ಗಲಗಲಿಗೆ ಹತ್ತು ವರ್ಷ ಕಾಗದ ಬರೆದವಳು ನಾನು. ಇಲ್ಲಿಂದ ಬರೆದರೆ ಸ್ವಲ್ಪ ತಡವಾಗಿ ಮುಟ್ಟೀತು, ಅಷ್ಟೆ. ನಿನ್ನ ಮಗ ನಿನ್ನ ಕಿವಿಯ ಹತ್ತಿರ ಕೂಗಿ ಹೇಳುವ ನಾಲ್ಕು ಮಾತಿನಲ್ಲಿ ನಾನು ಇರುವುದಿಲ್ಲ.

ಪ್ರೀತಿ ನನಗಾಗಿ ಒಂದು ಪ್ರವಾಸ ಗೊತ್ತು ಮಾಡಿದ್ದಾಳೆ. ಅವಳಿಗೆ ರಜೆ ಇಲ್ಲ, ನಾನೊಬ್ಬಳೇ ಹೋಗಬೇಕು. ಎಂಟೇ ಜನ, ಒಂದು ಸಣ್ಣ ವ್ಯಾನು, ಕರೆದುಕೊಂಡು ಹೋಗಿ ವಿವರಿಸಲು ಒಬ್ಬ ಗೈಡು. ಈ ದೇಶದ ಪಶ್ಚಿಮ ಸಮುದ್ರದ ಹಳೆಯ ದ್ವೀಪಗಳನ್ನು ತೋರಿಸುತ್ತಾರಂತೆ. ಕೊನೆಯದರ ಹೆಸರು ಸೇಂಟ್ ಕಿಲ್ಡಾ. ಅದು ಎಲ್ಲಕ್ಕಿಂತ ದೂರ. ಅಲ್ಲಿದ್ದ ಊರನ್ನು ಊರವರೇ ಬಿಟ್ಟು ಬಂದು ತೊಂಬತ್ತೈದು ವರ್ಷವಾಯಿತಂತೆ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದೆ, ಬಾದಾಮಿ ಐಹೊಳೆ ಬಿಟ್ಟರೆ ಏನನ್ನೂ ಕಣ್ಣಾರೆ ಕಂಡವಳಲ್ಲ. ಹೋಗಿ ಬರುತ್ತೇನೆ.

ಹೊರಡುವ ಮುಂಚೆ ಗಲಗಲಿಗೆ ಬರಲಾಗಲಿಲ್ಲ. ವೀಸಾ, ಬ್ಯಾಂಕು ಎಂದು ಓಡಾಟದಲ್ಲೇ ದಿನ ಹೋದವು. ಸಿಟ್ಟಾಗಬೇಡ. ಮನೆಯ ಒಪ್ಪಿಗೆ ಕಾಗದದ ವಿಷಯ ನಾನು ಬಂದ ಮೇಲೆ ಮಾತಾಡೋಣ. ಮಾಮಾನವರಿಗೂ ಹಾಗೇ ಹೇಳು.

ನಿನ್ನ ಕಾಂಚನಾ

*

ಗಲಗಲಿ
೨೬ ಮೇ ೨೦೨೫

ಚಿರಂಜೀವಿ ಕಾಂಚವ್ವನಿಗೆ ನಿನ್ನ ಅಕ್ಕನ ಆಶೀರ್ವಾದ.

ಕಾಗದ ಮುಟ್ಟಿತು. ಟಪಾಲಿನ ಪಾಂಡಪ್ಪ ಆ ದೇಶದ ಸ್ಟಾಂಪನ್ನು ಓಣಿಗೆಲ್ಲ ತೋರಿಸಿ ಆಮೇಲೆ ನನ್ನ ಕೈಗೆ ಕೊಟ್ಟ. ನೀನು ಬಾರದೆ ಹೋದದ್ದಕ್ಕೆ ನನಗೆ ಸಿಟ್ಟಿಲ್ಲ. ನಿನಗಾಗಿ ಮಾಡಿದ ಶೇಂಗಾ ಹೋಳಿಗೆಯನ್ನು ಇವರೇ ತಿಂದರು.

ನೀನು ಬಂದ ಮೇಲೆ ಮಾತಾಡೋಣ ಎಂದಿದ್ದೀಯ. ಇಲ್ಲಿ ಅಷ್ಟು ದಿನ ತಡೆಯುವ ಹಾಗಿಲ್ಲ. ಆಣೆಕಟ್ಟಿನ ಹಿನ್ನೀರು ಇನ್ನೂ ಮೇಲೆ ಬರುತ್ತದೆ, ಹೊಳೆಯ ದಂಡೆಯ ನಮ್ಮ ಓಣಿ ಉಳಿಯುವುದಿಲ್ಲ ಎಂದು ಸರ್ಕಾರದವರು ಮತ್ತೆ ಬಂದು ಹೇಳಿ ಹೋದರು. ಹನ್ನೊಂದು ಮನೆಗಳಲ್ಲಿ ಒಂಬತ್ತು ಒಪ್ಪಿಗೆ ಕೊಟ್ಟಾಗಿದೆ. ಎಲ್ಲರೂ ಈಗಲೇ ಒಪ್ಪಿದರೆ ಗುಡ್ಡದ ಮೇಲಿನ ಪ್ಲಾಟುಗಳಲ್ಲಿ ಓಣಿಯವರೆಲ್ಲ ಒಂದೇ ಸಾಲಿನಲ್ಲಿ ಇರಬಹುದಂತೆ. ಕಲ್ಮೇಶ ಆಗಲೇ ಅಲ್ಲಿ ಮನೆ ಕಟ್ಟಿಸಿ ಸ್ಲ್ಯಾಬು ಹಾಕಿಸಿದ್ದಾನೆ.

ಇವರು ಮಾತ್ರ, ನಿನ್ನ ಮಾಮಾ, ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ. ನಿನಗೇ ಗೊತ್ತು, ಮನೆ ಅಪ್ಪನದು. ಅಪ್ಪ ತೀರಿದ ಮೇಲೆ ಮನೆಯ ಹಕ್ಕಿನ ಉತಾರಿಯಲ್ಲಿ ನಿನ್ನ ಹೆಸರು, ನನ್ನ ಹೆಸರು. ಮನೆಅಳಿಯನಾಗಿ ಬಂದು ಐವತ್ತು ವರ್ಷ ದುಡಿದ ಇವರ ಹೆಸರು ಎಲ್ಲಿಯೂ ಇಲ್ಲ. ಮೊನ್ನೆ ಬಂದವರ ಮುಂದೆ ಅಂದೇ ಬಿಟ್ಟರು: “ನಾ ಬರೇ ಇಲ್ಲಿ ಇರಾಂವರಿ ಸಾಹೇಬ್ರ. ಸಹಿ ಮಾಡಾವ್ರು ಅಕ್ಕತಂಗೇರು. ಅವರು ಮಾಡೂದಿಲ್ಲ.” ಇವರ ತುಟಿ ನೋಡಿ ಇಷ್ಟು ತಿಳಿಯಿತು. ಇವರ ತುಟಿ ಮಾತ್ರ ನನಗೆ ಪೂರ್ತಿ ತಿಳಿಯುತ್ತದೆ.

ನೀನು ಮಾಡುವವಳಲ್ಲ ಎಂದು ನನಗೂ ಗೊತ್ತು. ಆದರೆ ನನಗೆ ನಿದ್ದೆ ಹತ್ತುವುದಿಲ್ಲ. ಕಲ್ಮೇಶನ ಮುಖ ನೋಡಿದರೆ ಹೋಗೋಣ ಅನಿಸುತ್ತದೆ, ಇವರ ಮುಖ ನೋಡಿದರೆ ಇರೋಣ ಅನಿಸುತ್ತದೆ. ಊರು ಬಿಟ್ಟವರ ದ್ವೀಪಕ್ಕೆ ಹೋಗುತ್ತೇನೆ ಎಂದು ಬರೆದಿದ್ದೀಯಲ್ಲ, ಅಲ್ಲಿಯವರು ಏನು ಮಾಡಿದರು, ಹೇಗೆ ಬಿಟ್ಟರು, ಕೇಳಿಕೊಂಡು ಬಂದು ನನಗೆ ಬರೆ. ನೀನು ಓದಿದವಳು. ನೀನು ಹೇಳಿದಂತೆ ಮಾಡುತ್ತೇನೆ.

ಇವರು ಆರಾಮ ಇದ್ದಾರೆ.

ಭಾಗವ್ವ

*

ಟಾರ್ಬರ್ಟ್, ಹ್ಯಾರಿಸ್ ದ್ವೀಪ
೧೩ ಜೂನ್ ೨೦೨೫

ಅಕ್ಕಾ,

ನಿನ್ನ ಕಾಗದ ನಾನು ಹೊರಡುವ ದಿನ ಬೆಳಿಗ್ಗೆ ಕೈ ಸೇರಿತು. ವ್ಯಾನಿನಲ್ಲಿ ಕೂತು ಓದಿದೆ. ಆರು ದಿನದಿಂದ ಅದು ಕೋಟಿನ ಕಿಸೆಯಲ್ಲೇ ಇದೆ.

ನಮ್ಮ ಗೈಡಿನ ಹೆಸರು ಇಯಾನ್. ಐವತ್ತರ ಆಸುಪಾಸಿನವನು, ಮೆತ್ತಗೆ ಮಾತಾಡುತ್ತಾನೆ. ಉಳಿದ ಏಳು ಜನರಲ್ಲಿ ನಾಲ್ವರು ಎರಡು ಜೋಡಿ ಗಂಡ ಹೆಂಡತಿ, ಮೂವರು ನನ್ನ ಹಾಗೆ ಒಂಟಿ. ಸೀರೆಯ ಮೇಲೆ ಪ್ರೀತಿಯ ದಪ್ಪ ಕೋಟು ಹಾಕಿಕೊಂಡ ನನ್ನನ್ನು ಎಲ್ಲರೂ ಕೈ ಹಿಡಿದು ಇಳಿಸುತ್ತಾರೆ. ಒಂದು ಮನೆಯಲ್ಲಿ ಉಣ್ಣೆಯ ಬಟ್ಟೆ ನೇಯುವ ಮುದುಕನನ್ನು ತೋರಿಸಿದರು. ಕಾಲಿನಿಂದ ತುಳಿದು ನಡೆಸುವ ಮಗ್ಗ. ಆ ಸಪ್ಪಳಕ್ಕೆ ನನಗೆ ನಮ್ಮ ರಬಕವಿಯ ನೇಕಾರರ ಓಣಿಯಲ್ಲಿ ನಿಂತ ಹಾಗಾಯಿತು. ಉಟ್ಟಿದ್ದ ಸೀರೆಯ ಸೆರಗು ಮುಂದೆ ಹಿಡಿದೆ. ಆತ ಬೆರಳಿನಿಂದ ಎಳೆ ಮುಟ್ಟಿ ನೋಡಿ, ಕೈಮಗ್ಗದ್ದೇ ಎಂದು ತಲೆಯಾಡಿಸಿದ.

ನಿನ್ನೆ ಸೇಂಟ್ ಕಿಲ್ಡಾಕ್ಕೆ ಹೋದೆವು. ದೋಣಿಯಲ್ಲಿ ಮೂರು ತಾಸು, ಬರೀ ನೀರು. ಎರಡು ಸಲ ವಾಂತಿಯಾಯಿತು. ಆಮೇಲೆ ಮಂಜಿನೊಳಗಿಂದ ಗುಡ್ಡ ಕಂಡಿತು, ಸಮುದ್ರದಿಂದ ನೆಟ್ಟಗೆ ಎದ್ದದ್ದು. ಕಡಿದಾದ ಬಂಡೆಗಳ ತುಂಬ ಬಿಳಿ ಹಕ್ಕಿಗಳು. ಅಲ್ಲಿಯ ಜನ ಹಗ್ಗ ಕಟ್ಟಿಕೊಂಡು ಆ ಬಂಡೆಗೆ ಇಳಿದು ಹಕ್ಕಿ ಹಿಡಿದು ತಿಂದು ಬದುಕುತ್ತಿದ್ದರಂತೆ. ಗಿಡ ಎಂಬುದೇ ಇಲ್ಲ. ಹುಲ್ಲು, ಕಲ್ಲು, ಗಾಳಿ.

ದಂಡೆಯ ಮೇಲೆ ಒಂದೇ ಒಂದು ಓಣಿ ಇದೆ ಅಕ್ಕ, ಬಾಗಿದ ಕುಡುಗೋಲಿನ ಹಾಗೆ. ಕೆಲವು ಮನೆಗಳಿಗೆ ಮಾಡು ಹಾಕಿಸಿ ಇಟ್ಟಿದ್ದಾರೆ, ಉಳಿದವಕ್ಕೆ ಗೋಡೆ ಮಾತ್ರ. ಒಳಗೆ ಒಲೆಯಿದ್ದ ಜಾಗದಲ್ಲಿ ಕಲ್ಲಿನ ಚಪ್ಪಡಿಯ ಮೇಲೆ ಕೊನೆಗೆ ಇದ್ದವರ ಹೆಸರು ಬರೆದಿಟ್ಟಿದ್ದಾರೆ.

ನೀನು ಕೇಳಿದ್ದನ್ನು ಇಯಾನನಿಗೆ ಕೇಳಿದೆ. ಕೊನೆಗೆ ಉಳಿದವರು ಮೂವತ್ತಾರು ಜನ. ನಮ್ಮನ್ನು ಇಲ್ಲಿಂದ ಕರೆದುಕೊಂಡು ಹೋಗಿ ಎಂದು ಅವರೇ ಸರ್ಕಾರಕ್ಕೆ ಅರ್ಜಿ ಬರೆದು ಸಹಿ ಹಾಕಿದರು. ಹಡಗು ಬಂದ ದಿನ ಬೆಳಿಗ್ಗೆ ಪ್ರತಿ ಮನೆಯಲ್ಲೂ ತಮ್ಮ ಧರ್ಮಗ್ರಂಥವನ್ನು ತೆರೆದಿಟ್ಟು, ಪಕ್ಕದಲ್ಲಿ ಒಂದಿಷ್ಟು ಧಾನ್ಯ ಸುರಿದು, ಬಾಗಿಲು ಹಾಕಿ ಬಂದರಂತೆ. ಎಷ್ಟು ಮರ್ಯಾದೆಯಿಂದ ಮನೆ ಬಿಟ್ಟರು ನೋಡು. ಯಾರೂ ಎಳೆದು ಹಾಕಲಿಲ್ಲ, ನೀರು ಓಡಿಸಲಿಲ್ಲ. ತಾವೇ ಕೂಡಿ ನಿರ್ಧಾರ ಮಾಡಿದರು. ಬಿಡಲೇಬೇಕಾದರೆ ಹಾಗೆ ಬಿಡಬೇಕು.

ಇನ್ನೂ ಬರೆಯುವುದಿತ್ತು. ಟಪಾಲು ಕಚೇರಿ ಮುಚ್ಚುವ ಹೊತ್ತಾಯಿತು.

ಕಾಂಚನಾ

*

ಗುಡ್ಡದ ಮೇಲಿನ ಪ್ಲಾಟು, ಗಲಗಲಿ
೧೨ ಜುಲೈ ೨೦೨೫

ಚಿರಂಜೀವಿ ಕಾಂಚವ್ವನಿಗೆ ಆಶೀರ್ವಾದ.

ಮೇಲಿನ ವಿಳಾಸ ನೋಡಿದರೆ ನಿನಗೆ ತಿಳಿಯುತ್ತದೆ. ನಿನ್ನ ಕಾಗದ ಜುಲೈ ಒಂದಕ್ಕೆ ಬಂತು. ಮೂರು ಸಲ ಓದಿದೆ. ಆಮೇಲೆ ಇವರನ್ನು ಕರೆದು ಪಡಸಾಲೆಯಲ್ಲಿ ಕೂರಿಸಿ ಗಟ್ಟಿಯಾಗಿ ಓದಿ ಹೇಳಿದೆ. ನನ್ನ ದನಿ ನನಗೆ ಕೇಳುವುದಿಲ್ಲ, ಎಷ್ಟು ದೊಡ್ಡದಾಗಿ ಓದಿದೆನೋ ಏನೋ, ಅತ್ತಿತ್ತಲಿನ ಮನೆಯವರೆಲ್ಲ ಬಂದು ಬಾಗಿಲಲ್ಲಿ ನಿಂತಿದ್ದರು.

ಓದಿ ಮುಗಿಸಿ ಕೇಳಿದೆ: “ಆಕಿ ಬಿಡೂದ ಛಲೋ ಅಂತ ಬರದಾಳ. ಏನ್ ಮಾಡೂಣು?”

ಇವರು ನನ್ನ ಮುಖ ನೋಡಿದರು. “ನಿನ್ನ ತಂಗಿ ಮನಸಿನ್ಯಾಗ ಇದ್ದದ್ದು ಬರದಾಳ. ಮಾಡಿ ಬಿಡು” ಎಂದರು. ಅಷ್ಟೇ. ನಾನು ಅಂದುಕೊಂಡ ಹಾಗೆ ಜಗಳ ಆಗಲೇ ಇಲ್ಲ.

ಮೂರನೆಯ ತಾರೀಖು ಸಹಿ ಹಾಕಿದೆ. ನಿನ್ನ ಸಹಿ ಹೇಗೆ ಎಂದು ಕಲ್ಮೇಶನಿಗೆ ಕೇಳಿದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಹತ್ತಕ್ಕೆ ಟ್ರ್ಯಾಕ್ಟರಿನಲ್ಲಿ ಸಾಮಾನು ಹೇರಿದೆವು.

ನೀನು ಬರೆದ ಹಾಗೆಯೇ ಮನೆ ಬಿಟ್ಟೆ. ದೇವರ ಜಗಲಿಯ ಮೇಲೆ ಅಪ್ಪ ಓದುತ್ತಿದ್ದ ಪುರಾಣದ ಪುಸ್ತಕ ತೆರೆದಿಟ್ಟೆ. ಹಿಡಿ ಕಾಳು ಇಟ್ಟರೆ ನಮ್ಮ ಮನೆಗೆ ಒಪ್ಪುವುದಿಲ್ಲ ಎಂದು ದೊಡ್ಡ ಬುಟ್ಟಿ ತುಂಬ ಬಿಳಿಜೋಳ ತುಂಬಿ ಪಕ್ಕದಲ್ಲಿಟ್ಟೆ. ಇವರು ನೋಡಿ, “ಉಣ್ಣೂ ಕಾಳ ಖಾಲಿ ಮನ್ಯಾಗ ಯಾಕ ಬೇ?” ಎಂದರು. ನಿನ್ನ ಕಾಗದ ತೋರಿಸಿದೆ. ಓಣಿಯ ಹೆಂಗಸರೂ ನನ್ನನ್ನು ನೋಡಿ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಬೊಗಸೆ ಇಟ್ಟರು. ಯಾರೂ ಅಳಲಿಲ್ಲ. ಮರ್ಯಾದೆಯಿಂದ ಬಂದೆವು.

ಇಲ್ಲಿ ಗಾಳಿ ಬಹಳ. ಇವರಿಗೆ ಹೊಸ ಜಾಗ ಇನ್ನೂ ಹೊಂದಿಲ್ಲ. ದಿನಾ ಬೆಳಿಗ್ಗೆ ಎದ್ದು ಹಳೆಯ ಮನೆಗೆ ಹೋಗಿ ಸಂಜೆ ಬರುತ್ತಾರೆ. ಹೊಂದಿಕೊಳ್ಳುತ್ತಾರೆ.

ಭಾಗವ್ವ

*

ಗ್ಲಾಸ್ಗೋ
೧೪ ಜುಲೈ ೨೦೨೫

ಅಕ್ಕಾ,

ನಾಲ್ಕು ವಾರದಿಂದ ಈ ಕಾಗದ ಬರೆಯಲು ಕೂರುತ್ತೇನೆ, ಹರಿದು ಹಾಕುತ್ತೇನೆ. ಹೋದ ಸಲ ಟಪಾಲು ಕಚೇರಿ ಮುಚ್ಚುತ್ತದೆ ಎಂದು ಬರೆದದ್ದು ಸುಳ್ಳು. ಮುಚ್ಚಲು ಇನ್ನೂ ಎರಡು ತಾಸು ಇತ್ತು. ಉಳಿದದ್ದು ನನಗೆ ಬರೆಯುವುದು ಬೇಡವಾಗಿತ್ತು.

ಆ ದಿನ ದ್ವೀಪದಿಂದ ವಾಪಸು ಬರುವಾಗ ಇಯಾನ್ ಉಳಿದ ಕಥೆ ಹೇಳಿದ. ಆ ಜನ ಅರ್ಜಿ ಬರೆದದ್ದು ಸುಖವಾಗಿ ಅಲ್ಲ. ವಯಸ್ಸಿನವರು ಒಬ್ಬೊಬ್ಬರಾಗಿ ಹೊರಟು ಹೋಗಿದ್ದರು, ಚಳಿಗಾಲದಲ್ಲಿ ರೋಗ ಬಿದ್ದರೆ ಕೇಳುವವರಿರಲಿಲ್ಲ, ಬೇರೆ ದಾರಿ ಇರಲಿಲ್ಲ. ಹೊರಡುವ ಮುಂಚೆ ಸಾಕಿದ ನಾಯಿಗಳ ಕೊರಳಿಗೆ ಕಲ್ಲು ಕಟ್ಟಿ ತಾವೇ ಸಮುದ್ರಕ್ಕೆ ಹಾಕಿದರು. ಆಚೆ ದಂಡೆಗೆ ಬಂದ ಮೇಲೆ, ಹುಟ್ಟಿದಾಗಿನಿಂದ ಒಂದು ಮರ ಕಂಡಿರದ ಗಂಡಸರನ್ನು ಸರ್ಕಾರ ಕಾಡಿನ ಕೆಲಸಕ್ಕೆ ಹಚ್ಚಿತು. ಒಂದೇ ಓಣಿಯವರು ಚೆದುರಿಹೋದರು. ಇಯಾನನ ಅಜ್ಜಿ ಸಣ್ಣವಳಿದ್ದಾಗ ಅವರಲ್ಲೊಬ್ಬ ಮುದುಕನನ್ನು ನೋಡಿದ್ದಳಂತೆ. ಆತ ದಿನವೂ ಮನೆಯ ಹಿಂದೆ ಹೋಗಿ ನಿಲ್ಲುತ್ತಿದ್ದ. ಏನು ನೋಡುತ್ತೀರಿ ಎಂದು ಕೇಳಿದರೆ, ಅಡ್ಡ ಮರ ಇವೆ, ಏನೂ ಕಾಣುವುದಿಲ್ಲ ಎನ್ನುತ್ತಿದ್ದನಂತೆ.

ಇದನ್ನು ಕೇಳಿ ಬಂದ ಮಾರನೆಯ ದಿನವೇ ನಾನು ನಿನಗೆ ಮರ್ಯಾದೆಯ ಮಾತು ಬರೆದೆ. ಯಾಕೆ ಎಂದು ಹೇಳಬೇಕು.

ನಾನು ಆಗಲೇ ಸಹಿ ಹಾಕಿದ್ದೆ ಅಕ್ಕ. ಏಪ್ರಿಲ್ ಹತ್ತೊಂಬತ್ತಕ್ಕೆ ಕಲ್ಮೇಶ ಜಮಖಂಡಿಗೆ ಬಂದ. “ಚಿಗವ್ವಾ, ನಿಮ್ಮ ಸಹಿ ಒಂದು ಆದ್ರ ಅವ್ವನ್ನ ಒಪ್ಪಸೂದು ಹಗೂರ ಆಕ್ಕೈತಿ. ಈಗ ಹೇಳಬ್ಯಾಡ್ರಿ ಅಷ್ಟ” ಎಂದ. ಅವನನ್ನು ದೂರುವುದಿಲ್ಲ, ಅವನು ಎಳೆದು ಹಾಕಿಸಿದ್ದಲ್ಲ. ೨೦೧೯ರಲ್ಲಿ ಹೊಳೆ ತುಂಬಿ ಬಂದಾಗ ನೀನು ಎರಡು ದಿನ ಒಬ್ಬಳೇ ಮಾಳಿಗೆಯ ಮೇಲೆ ಕೂತಿದ್ದೆ. ದೋಣಿಯವರು ಕೂಗಿದರೂ ನಿನಗೆ ಕೇಳಿಸದೆ, ಮನೆಯಲ್ಲಿ ಯಾರೂ ಇಲ್ಲ ಎಂದು ಒಮ್ಮೆ ಮುಂದೆ ಹೋಗಿಬಿಟ್ಟಿದ್ದರು. ಅದು ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ. ಅದಕ್ಕೇ ಸಹಿ ಹಾಕಿದೆ. ಆದರೆ ನಿನ್ನ ಮುಖ ನೋಡುವ ಧೈರ್ಯವಾಗದೆ, ವೀಸಾ ಎಂದು ಸುಳ್ಳು ಹೇಳಿ ಗಲಗಲಿಗೆ ಬಾರದೆ ವಿಮಾನ ಹತ್ತಿದೆ. ನಾನು ಮಾಡಿದ್ದು ಸರಿ ಎಂದು ನನಗೆ ಯಾರಾದರೂ ಹೇಳಬೇಕಾಗಿತ್ತು. ದ್ವೀಪದ ಕಥೆಯಲ್ಲಿ ನನಗೆ ಬೇಕಾದ ಅರ್ಧ ಸಿಕ್ಕಿತು, ಅದನ್ನೇ ನಿನಗೆ ಕಳಿಸಿದೆ.

ಸಹಿ ಮಾಡಬೇಡ. ಮಾಮಾನವರು ಒಪ್ಪುವವರೆಗೆ ಮಾಡಬೇಡ. ನಾನೇ ಬಂದು ನನ್ನದನ್ನು ವಾಪಸು ತೆಗೆದುಕೊಳ್ಳಲು ಆಗುತ್ತದೆಯೇ ನೋಡುತ್ತೇನೆ.

ಕಲ್ಮೇಶನಿಗೆ ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಏನು ಹೇಳುತ್ತಾನೋ ಎಂಬ ಹೆದರಿಕೆಗೆ ಕೇಳಿಲ್ಲ.

ಕಾಂಚನಾ

*

ಗಲಗಲಿ
೧೬ ಆಗಸ್ಟ್ ೨೦೨೫

ಕಾಂಚನಾಳಿಗೆ,

ಕಲ್ಮೇಶ ನಿನಗೆ ಫೋನಿನಲ್ಲಿ, ಅಪ್ಪ ಹೊಳೆಯಲ್ಲಿ ಹೋದ ಎಂದಷ್ಟೇ ಹೇಳಿದ್ದಾನೆ. ಹೇಗೆ ಎಂದು ನಾನು ಬರೆಯುತ್ತೇನೆ. ಬೇರೆಯವರ ಬಾಯಿಂದ ನೀನು ಕೇಳುವುದು ಬೇಡ.

ಆಗಸ್ಟ್ ನಾಲ್ಕಕ್ಕೆ ಹೊಳೆ ತುಂಬಿ ಬಂತು. ಮೇಲಿನ ಹಿಪ್ಪರಗಿ ಬ್ಯಾರೇಜಿನಿಂದ ನೀರು ಬಿಟ್ಟಿದ್ದಾರೆ ಎಂದು ಬೆಳಿಗ್ಗೆಯೇ ಸಾರಿದ್ದರು. ಮಧ್ಯಾಹ್ನ ಊಟಕ್ಕೆ ಕೂತವರು ಎರಡು ತುತ್ತು ಉಂಡು ಎದ್ದರು. ಎಲ್ಲಿಗೆ ಎಂದೆ. “ಆ ಜ್ವಾಳ ತರ್ತೇನಿ. ನೀರಿಗೆ ಬಿಡ್ಲಾಕ ಮನಸ ಬರವಲ್ದು” ಎಂದರು. ನೀರು ಇನ್ನೂ ಓಣಿಗೆ ಬಂದಿರಲಿಕ್ಕಿಲ್ಲ ಎಂದುಕೊಂಡು ನಾನು ತಡೆಯಲಿಲ್ಲ. ಒಂದು ಗೋಣಿಚೀಲ ಮಡಚಿ ಹೆಗಲ ಮೇಲೆ ಹಾಕಿಕೊಂಡು ಹೋದರು.

ಉಳಿದದ್ದನ್ನು ಕಂಡವನು ದೋಣಿಯ ದುರಗೇಶ. ಅವನು ನನ್ನ ಮುಂದೆ ಕೂತು ನಿಧಾನವಾಗಿ ತುಟಿ ಆಡಿಸಿ ಹೇಳಿದ. ಇವರು ಮನೆಯಿಂದ ಹೊರಗೆ ಬರುವ ಹೊತ್ತಿಗೆ ಓಣಿಯಲ್ಲಿ ಸೊಂಟದ ಮಟ್ಟ ನೀರಿತ್ತಂತೆ. ಜೋಳ ಚೀಲಕ್ಕೆ ತುಂಬಲು ಹೊತ್ತಿರಲಿಲ್ಲವೇನೋ, ಬುಟ್ಟಿಯೇ ತಲೆಯ ಮೇಲಿತ್ತು. ಓಣಿ ಇಳಿಜಾರಾಗುವ ಕಡೆ ಕಾಲು ತಪ್ಪಿತು. ದುರಗೇಶ ದೋಣಿಯನ್ನು ಹತ್ತಿರ ತಂದು, “ಬುಟ್ಟಿ ಬಿಡ್ರಿ, ಕೈ ಕೊಡ್ರಿ ಯಜ್ಜಾ” ಎಂದು ಕೂಗಿದನಂತೆ. ಇವರಿಗೆ ಕೇಳಿಸಿತು. ಅವನ ಕಡೆ ನೋಡಿದರು. ಎರಡೂ ಕೈಯಿಂದ ಬುಟ್ಟಿಯನ್ನೇ ಹಿಡಿದಿದ್ದರು.

ಸಂಜೆ ಓಣಿಯ ಕೆಳಗಿನ ಬೇವಿನ ಗಿಡದ ಹತ್ತಿರ ಸಿಕ್ಕರು. ಮೇಲಿನ ಹೊಲದಲ್ಲಿ ಮಣ್ಣು ಕೊಟ್ಟೆವು.

ಆದ ಮೇಲೆ ನಾಲ್ಕನೆಯ ದಿನ ಪಾಂಡಪ್ಪ ನಿನ್ನ ಜುಲೈ ಕಾಗದ ತಂದ. ನೀನು ಹಳೆಯ ಓಣಿಯ ವಿಳಾಸ ಬರೆದಿದ್ದೆ. ಅಲ್ಲಿ ನೀರು ಇದ್ದದ್ದಕ್ಕೆ ಅವನು ಆ ನಾಲ್ಕೂ ದಿನ ತನ್ನ ಚೀಲದಲ್ಲೇ ಇಟ್ಟುಕೊಂಡಿದ್ದ. ಬಂದವರೆಲ್ಲ ಕೂತಿರುವಾಗ ಒಳಗೆ ಹೋಗಿ ಓದಿದೆ.

ಕಲ್ಮೇಶನನ್ನು ಕರೆದು ಕಾಗದ ಅವನ ಮುಂದೆ ಇಟ್ಟೆ. ಅವನು ಅತ್ತ. ನಿನ್ನ ಸಹಿಯನ್ನು ಅವರಪ್ಪ ಏಪ್ರಿಲಿನಲ್ಲೇ ಅವನ ಚೀಲದಲ್ಲಿ ನೋಡಿದ್ದರಂತೆ. “ನಿಮ್ಮವ್ವಗ ಹೇಳಬ್ಯಾಡ. ಆಕಿಗೆ ಇರೂದು ಒಬ್ಬಾಕಿ ತಂಗಿ” ಎಂದಿದ್ದರಂತೆ. ಅಧಿಕಾರಿಗಳ ಮುಂದೆ ಅಕ್ಕತಂಗಿಯರು ಸಹಿ ಮಾಡುವುದಿಲ್ಲ ಎಂದು ಹೇಳಿದ್ದು ಅದೆಲ್ಲ ಗೊತ್ತಿದ್ದೂ. ನಾನು ಆಗ ಅವರ ತುಟಿಯನ್ನಷ್ಟೇ ನೋಡಿದೆ.

ಸಹಿಯ ವಿಷಯಕ್ಕೆ ನಿನ್ನನ್ನು ಬೈಯುವುದಿಲ್ಲ. ನೀನು ಜೂನಿನಲ್ಲಿ ಪೂರ್ತಿ ಬರೆದಿದ್ದರೂ ನಾನು ಸಹಿ ಹಾಕುತ್ತಿದ್ದೆನೋ ಏನೋ. ಕಲ್ಮೇಶನ ಮಾತಿಗೆ ಹಾಕುತ್ತಿದ್ದೆ, ಹೊಳೆಗೆ ಹೆದರಿ ಹಾಕುತ್ತಿದ್ದೆ. ಜೋಳ ಇಡುತ್ತಿರಲಿಲ್ಲ.

ಈಗ ಬರಬೇಡ.

ಭಾಗವ್ವ

*

ಜಮಖಂಡಿ
೨೨ ಸೆಪ್ಟೆಂಬರ್ ೨೦೨೫

ಅಕ್ಕಾ,

ಬರಬೇಡ ಎಂದು ನೀನು ಬರೆದಿದ್ದೆ. ಆದರೂ ನಾನು ನಿನ್ನೆ ಬಂದಿದ್ದೆ. ಅದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಇನ್ನು ಮೇಲೆ ಏನನ್ನೂ ಮುಚ್ಚಿಡುವುದಿಲ್ಲ.

ನೀವು ಮನೆ ಬಿಟ್ಟಿರಿ ಎಂಬ ನಿನ್ನ ಕಾಗದ ಜುಲೈ ಕೊನೆಗೆ ನನಗೆ ಸಿಕ್ಕಿತ್ತು. ಬುಟ್ಟಿಯಲ್ಲಿ ಜೋಳ ಇಟ್ಟೆ ಎಂದು ನೀನು ಬರೆದದ್ದನ್ನು ಓದಿ ಪ್ರೀತಿಗೆ ಹೇಳುತ್ತಾ ಅತ್ತೆ. ಅದು ಸಂತೋಷದ ಅಳುವಾಗಿತ್ತು ಅಕ್ಕ. ನನ್ನ ಮಾತನ್ನು ನೀನು ಅಷ್ಟು ನಂಬಿದ್ದೆಯಲ್ಲ ಎಂದು. ಉತ್ತರ ಬರೆಯಬೇಕು ಎನ್ನುವಷ್ಟರಲ್ಲಿ ಫೋನು ಬಂತು. ಅವಳು ಅವಸರದಲ್ಲಿ ಟಿಕೀಟು ಹುಡುಕಿದಳು. ನಾನು ಹೊರಡಲಿಲ್ಲ. ಬಂದು ನಿಲ್ಲುವುದು ಯಾವ ಮುಖದಿಂದ ಎಂದು ತಿಳಿಯಲಿಲ್ಲ. ನಿನ್ನ ಆಗಸ್ಟಿನ ಕಾಗದ ಓದಿದ ಮೇಲೆ ಅಲ್ಲಿ ಇರಲೂ ಆಗಲಿಲ್ಲ.

ನಿನ್ನೆ ಮೊದಲು ಮೇಲಿನ ಹೊಲಕ್ಕೆ ಹೋದೆ. ದುರಗೇಶ ಜಾಗ ತೋರಿಸಿದ. ಮಾಮಾನವರ ಹತ್ತಿರ ಸ್ವಲ್ಪ ಹೊತ್ತು ಕೂತೆ. ಮಣ್ಣು ಇನ್ನೂ ಹಸಿಯಾಗಿತ್ತು.

ಆಮೇಲೆ ನಿನ್ನ ಹೊಸ ಮನೆಗೆ ಬಂದೆ. ಕಲ್ಮೇಶ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ನೀನು ಬೆನ್ನು ಹಾಕಿ ಕೂತು ಶೇಂಗಾ ಸುಲಿಯುತ್ತಿದ್ದೆ. ಹೊಸ್ತಿಲ ಹೊರಗೆ ನಿಂತು ಅಕ್ಕಾ ಎಂದೆ. ನಿನಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ ಮೂರು ಸಲ ಕರೆದೆ. ಒಳಗೆ ಬಂದು ನಿನ್ನ ಹೆಗಲು ಮುಟ್ಟಬಹುದಾಗಿತ್ತು, ನಾಲ್ಕು ಹೆಜ್ಜೆಯ ದಾರಿ. ನೀನು ತಿರುಗುತ್ತೀಯೇನೋ ಎಂದು ಕಾಯ್ದೆ. ಶೇಂಗಾ ಸುಲಿಯುವ ಕೈ ಒಮ್ಮೆ ನಿಂತ ಹಾಗಾಯಿತು, ಮತ್ತೆ ಶುರುವಾಯಿತು. ಮೂರು ಗಂಟೆಯ ಬಸ್ಸಿಗೆ ವಾಪಸು ಬಂದೆ.

ನಾನು ಬಂದದ್ದು ನಿನಗೆ ತಿಳಿಯಲೇ ಇಲ್ಲವೋ, ತಿಳಿದು ಸುಮ್ಮನಿದ್ದೆಯೋ, ಅದೊಂದನ್ನು ಬರೆ. ಏನು ಬರೆದರೂ ಒಪ್ಪುತ್ತೇನೆ.

ಕಾಂಚನಾ

*

ಗಲಗಲಿ
೨೯ ಸೆಪ್ಟೆಂಬರ್ ೨೦೨೫

ಕಾಂಚವ್ವಾ,

ತಿಳಿದಿತ್ತು. ನಿನ್ನ ನೆರಳು ನನ್ನ ಮುಂದಿನ ಗೋಡೆಯ ಮೇಲೆ ಬಿದ್ದಿತ್ತು. ಸಣ್ಣವಳಿದ್ದಾಗಿನಿಂದ ನೀನು ಒಂದು ಕಾಲ ಮೇಲೆ ಭಾರ ಹಾಕಿ ನಿಲ್ಲುತ್ತೀಯ, ಅದರಿಂದ ಗುರುತು ಹಿಡಿದೆ.

ತಿರುಗಿದ್ದರೆ ಏನಾದರೂ ಮಾತಾಡಬೇಕಾಗುತ್ತಿತ್ತು. ನನ್ನ ಬಾಯಿಂದ ಏನು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ನೆರಳು ಹೋಗುವವರೆಗೆ ಸುಲಿದೆ. ಹೋದ ಮೇಲೆ ಎದ್ದು ಬಾಗಿಲಿಗೆ ಬಂದೆ. ನೀನು ಆಗಲೇ ರಸ್ತೆಯ ತಿರುವಿನಲ್ಲಿ ಇದ್ದೆ. ನಾನು ಕೂಗಿದೆ. ನನ್ನ ದನಿ ಬಂತೋ ಇಲ್ಲವೋ ನನಗೆ ತಿಳಿಯುವುದಿಲ್ಲ. ನೀನು ತಿರುಗಲಿಲ್ಲ.

ಮತ್ತೆ ಯಾವಾಗ ಬರುತ್ತೀಯೋ ಬಾ. ಸಿಟ್ಟು ಹೋಗಿಲ್ಲ, ಹೋಗುತ್ತದೆ ಎಂದೂ ಹೇಳುವುದಿಲ್ಲ. ಈ ಮನೆಗೆ ಹೊರಗೆ ಕೂರಲು ಕಟ್ಟೆ ಇಲ್ಲ. ಬಾಗಿಲಲ್ಲಿ ನಿಲ್ಲಬೇಡ. ನೇರ ಒಳಗೆ ಬಂದು ನನ್ನ ಎದುರಿಗೆ ಕೂತುಕೊ.

ಭಾಗವ್ವ